ಹುಡುಕಾಟದ ಪುಟದಲ್ಲೇ ಉತ್ತರ ಸಿಕ್ಕರೆ ಕೊಡಗಿನ ಅಫಿಲಿಯೇಟ್ ತಾಣಗಳಿಗೆ ಹಣ ಎಲ್ಲಿಂದ?

ಗೂಗಲ್‌ನ ಎಐ ಮೋಡ್ ಈಗ ಕನ್ನಡದಲ್ಲೂ ಉತ್ತರ ಕೊಡುತ್ತದೆ. ‘ಮಡಿಕೇರಿಯಲ್ಲಿ ಎರಡು ದಿನ ಏನೇನು ನೋಡಬಹುದು’ ಎಂದು ಕೇಳಿದರೆ ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ, ತಲಕಾವೇರಿ ಎಲ್ಲವನ್ನೂ ದಿನವಾರು ಜೋಡಿಸಿ ಹುಡುಕಾಟದ ಪುಟದಲ್ಲೇ ಹೇಳಿ ಮುಗಿಸುತ್ತದೆ. ಇದೇ ಮಾಹಿತಿಯನ್ನು ಬರೆದು, ನಡುವೆ ಹೋಟೆಲ್ ಬುಕಿಂಗ್‌ನ ಇಲ್ಲವೇ ಸಾಮಾನು ಖರೀದಿಯ ಲಿಂಕ್ ಇಟ್ಟು ಕಮಿಷನ್ ಪಡೆಯುವ ‘ಅಫಿಲಿಯೇಟ್’ ಜಾಲತಾಣಗಳಿಗೆ ಬರುವವರು ಕಡಿಮೆಯಾಗುತ್ತಾರೆ ಎಂಬ ಆತಂಕ ಸಹಜ. ಆದರೆ ಈ ಬಗ್ಗೆ ಬರುತ್ತಿರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಫಿಲಿಯೇಟ್ ವ್ಯವಹಾರ ಮುಗಿಯಿತು ಎಂದು ಕೆಲವರು ಹೇಳಿದರೆ, ಸಣ್ಣ ತಾಣಗಳಿಗೆ ಇದೇ ಒಳ್ಳೆಯ ಕಾಲ ಎನ್ನುತ್ತಾರೆ ಇನ್ನು ಕೆಲವರು. ಎರಡೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜವಿದೆ. ಯಾವ ಪುಟಕ್ಕೆ ಯಾವ ಮಾತು ಅನ್ವಯಿಸುತ್ತದೆ ಎಂಬುದು ಕಮಿಷನ್ ಹುಟ್ಟುವ ದಾರಿಯನ್ನು ಮೊದಲಿಂದ ನೋಡಿದರೆ ತಿಳಿಯುತ್ತದೆ.

ಗೊಂದಲದ ಮೂಲ

ಹುಡುಕಾಟದ ಫಲಿತಾಂಶಗಳ ಮೇಲೆ ಎಐ ಸಾರಾಂಶ ತೋರಿಸುವ ಪದ್ಧತಿಯನ್ನು ಗೂಗಲ್ 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆರಂಭಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದು ಭಾರತಕ್ಕೂ ಬಂತು. 2025ರ ಜುಲೈನಲ್ಲಿ ಪ್ಯೂ ಸಂಶೋಧನಾ ಸಂಸ್ಥೆ ಅಮೆರಿಕದ ಬಳಕೆದಾರರ ವರ್ತನೆ ಕುರಿತ ಅಧ್ಯಯನ ಪ್ರಕಟಿಸಿತು. ಎಐ ಸಾರಾಂಶ ಕಂಡಾಗ ಜನ ಮಾಮೂಲಿ ಲಿಂಕ್ ಒತ್ತಿದ್ದು ಶೇ. 8ರಷ್ಟು ಸಲ; ಸಾರಾಂಶ ಇಲ್ಲದಾಗ ಶೇ. 15ರಷ್ಟು ಸಲ. ಅಂದರೆ ಕ್ಲಿಕ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮರುತಿಂಗಳೇ ಗೂಗಲ್, ತಾಣಗಳಿಗೆ ಹೋಗುವ ಒಟ್ಟು ಕ್ಲಿಕ್‌ಗಳು ವರ್ಷದಿಂದ ವರ್ಷಕ್ಕೆ ಬಹುತೇಕ ಸ್ಥಿರವಾಗಿವೆ, ಕೂಡಲೇ ಹಿಂದಕ್ಕೆ ಬರದೆ ಅಲ್ಲೇ ಉಳಿಯುವ ‘ಗುಣಮಟ್ಟದ ಕ್ಲಿಕ್’ ತುಸು ಹೆಚ್ಚಿದೆ ಎಂದು ಹೇಳಿತು.

ಎರಡೂ ಹೇಳಿಕೆ ಏಕಕಾಲಕ್ಕೆ ನಿಜವಾಗಿರಲು ಸಾಧ್ಯ. ಗೂಗಲ್ ಹೇಳುವುದು ಇಡೀ ಜಗತ್ತಿನ ಒಟ್ಟು ಮೊತ್ತವನ್ನು. ಆ ಮೊತ್ತ ಹಾಗೇ ಉಳಿದರೂ ಅದರೊಳಗಿನ ಹಂಚಿಕೆ ಬದಲಾಗಬಹುದು. ‘ತಡಿಯಂಡಮೋಳ್ ಎತ್ತರ ಎಷ್ಟು’ ಎಂಬ ಪ್ರಶ್ನೆಗೆ 1,748 ಮೀಟರ್ ಎಂದು ಹುಡುಕಾಟದಲ್ಲೇ ಉತ್ತರ ಸಿಕ್ಕಿದರೆ ಯಾರೂ ಯಾವ ತಾಣಕ್ಕೂ ಹೋಗಬೇಕಾಗಿಲ್ಲ. ‘ಇಳಿಜಾರು ತೋಟಕ್ಕೆ ಯಾವ ಕಳೆ ಕತ್ತರಿಸುವ ಯಂತ್ರ’ ಎಂದು ಕೇಳಿದವರು ಮಾತ್ರ ಎರಡು ಸಾಲಿನ ಸಾರಾಂಶ ನಂಬಿ ಹನ್ನೆರಡು ಸಾವಿರ ರೂಪಾಯಿ ಖರ್ಚು ಮಾಡುವುದಿಲ್ಲ. ನಷ್ಟ ಮೊದಲ ಬಗೆಯ ಪುಟಗಳದು, ಹಣ ಬರುವುದು ಎರಡನೆಯ ಬಗೆಯ ಪುಟಗಳಿಂದ.

ಕಮಿಷನ್ ಹುಟ್ಟುವ ದಾರಿ

ಗಳಿಕೆ ಐದು ಸಂಖ್ಯೆಗಳ ಗುಣಾಕಾರ: ಪುಟಕ್ಕೆ ಬಂದವರು, ಅವರಲ್ಲಿ ಲಿಂಕ್ ಒತ್ತಿದವರ ಪ್ರಮಾಣ, ಒತ್ತಿದವರಲ್ಲಿ ಕೊಂಡವರ ಪ್ರಮಾಣ, ಸರಾಸರಿ ಖರೀದಿ ಮೊತ್ತ, ಕಮಿಷನ್ ದರ. ಹೆಚ್ಚಿನವರು ಮೊದಲನೆಯದನ್ನೇ ನೋಡುತ್ತಾ ಕೂರುತ್ತಾರೆ.

ತಿಳಿಯಲೆಂದು ಎರಡು ಕಾಲ್ಪನಿಕ ಪುಟಗಳನ್ನು ತೆಗೆದುಕೊಳ್ಳೋಣ. ‘ಕೊಡಗಿನ 20 ಪ್ರೇಕ್ಷಣೀಯ ಸ್ಥಳಗಳು’ ಪುಟಕ್ಕೆ ತಿಂಗಳಿಗೆ 10,000 ಜನ ಬರುತ್ತಾರೆ ಎಂದುಕೊಳ್ಳಿ. ಶೇ. 1ರಷ್ಟು ಜನ, ಅಂದರೆ 100 ಮಂದಿ, ಬೆನ್ನುಚೀಲದ ಲಿಂಕ್ ಒತ್ತುತ್ತಾರೆ. ಮೂವರು ಕೊಳ್ಳುತ್ತಾರೆ. ತಲಾ 800 ರೂಪಾಯಿ, ಶೇ. 5 ಕಮಿಷನ್: ಕೈಗೆ ಬರುವುದು 120 ರೂಪಾಯಿ. ಇನ್ನೊಂದು ಪುಟ ಇಳಿಜಾರು ತೋಟದ ಬ್ರಷ್ ಕಟರ್, ಅಂದರೆ ಕಳೆ ಕತ್ತರಿಸುವ ಯಂತ್ರದ ಬಗ್ಗೆ. ಬರುವವರು 600 ಮಾತ್ರ. ಕೊಳ್ಳಬೇಕೆಂದೇ ಬಂದವರಾದ್ದರಿಂದ ಶೇ. 20, ಅಂದರೆ 120 ಮಂದಿ ಲಿಂಕ್ ಒತ್ತುತ್ತಾರೆ. ಆರು ಮಂದಿ ಕೊಳ್ಳುತ್ತಾರೆ. ತಲಾ 12,000 ರೂಪಾಯಿ, ಅದೇ ಶೇ. 5: ಬರುವುದು 3,600 ರೂಪಾಯಿ. ಹದಿನೇಳನೇ ಒಂದು ಭಾಗ ಓದುಗರಿಂದ ಮೂವತ್ತು ಪಟ್ಟು ಹಣ. ಎಐ ಸಾರಾಂಶ ಮೊದಲ ಪುಟದ ಅರ್ಧ ಜನರನ್ನು ಕಸಿದುಕೊಂಡರೂ ಕಳೆದುಹೋಗುವುದು 60 ರೂಪಾಯಿ. ಸಂದರ್ಶಕರ ಗ್ರಾಫ್ ಮಾತ್ರ ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ, ಭಯ ಹುಟ್ಟುವುದು ಅದನ್ನು ನೋಡಿ.

ಈ ಗುಣಾಕಾರದಲ್ಲಿ ಕಾಣದ ಇನ್ನೊಂದು ಅಂಶ ಕುಕಿಯ ಅವಧಿ. ಯಾರ ಲಿಂಕ್ ಒತ್ತಿ ಬಂದರು ಎಂದು ಬ್ರೌಸರ್‌ನಲ್ಲಿ ನೆನಪಿಡುವ ಗುರುತೇ ಕುಕಿ. ಅಮೆಜಾನ್‌ನ ಅಫಿಲಿಯೇಟ್ ಲಿಂಕ್ ಒತ್ತಿದ ಮೇಲೆ 24 ಗಂಟೆಯೊಳಗೆ ಆದ ಖರೀದಿಗೆ ಕಮಿಷನ್ ಸಿಗುತ್ತದೆ. ಆ 24 ಗಂಟೆಯೊಳಗೆ ವಸ್ತುವನ್ನು ಕಾರ್ಟ್‌ಗೆ ಹಾಕಿಟ್ಟರೆ ಸುಮಾರು 90 ದಿನದವರೆಗೂ ಲೆಕ್ಕ ಉಳಿಯುತ್ತದೆ. ಮಳೆಕೋಟನ್ನು ಜನ ಕೂಡಲೇ ಕೊಳ್ಳುತ್ತಾರೆ. ಬ್ರಷ್ ಕಟರ್ ಕೊಳ್ಳುವ ಬೆಳೆಗಾರ ಗೋಣಿಕೊಪ್ಪದ ಅಂಗಡಿಯಲ್ಲಿ ಬೆಲೆ ಕೇಳಿ, ಪಕ್ಕದ ತೋಟದವರನ್ನು ವಿಚಾರಿಸಿ, ವಾರದ ನಂತರ ನಿರ್ಧರಿಸುತ್ತಾನೆ. ಅಷ್ಟರಲ್ಲಿ ಕುಕಿ ಸತ್ತಿರುತ್ತದೆ. ಹಾಗಾಗಿ ದುಬಾರಿ ವಸ್ತುಗಳಿಗೆ 30 ದಿನದ ಕುಕಿ ಕೊಡುವ ತಯಾರಕರ ಅಥವಾ ಅಫಿಲಿಯೇಟ್ ಜಾಲಗಳ ಕಾರ್ಯಕ್ರಮ ಸಿಗುತ್ತದೆಯೇ ಎಂದು ಮೊದಲು ಹುಡುಕಬೇಕು. ದರ ಶೇ. 1 ಕಡಿಮೆಯಿದ್ದರೂ ನಡೆಯುತ್ತದೆ.

ಸೋರಿಕೆ ಎಲ್ಲಿ ಎಂದು ಕಂಡುಹಿಡಿಯುವುದು

ಗಳಿಕೆ ಇಳಿದಾಗ ಎಲ್ಲವನ್ನೂ ಎಐ ಮೇಲೆ ಹಾಕುವುದು ಸುಲಭ. ತಾಣ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ಗೂಗಲ್ ತೋರಿಸುವ ಸರ್ಚ್ ಕನ್ಸೋಲ್ ಮತ್ತು ಕಮಿಷನ್ ವರದಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಾರಣ ಬೇರೆಯೇ ಇರಬಹುದು.

ಪುಟ ಹುಡುಕಾಟದಲ್ಲಿ ಕಾಣಿಸಿಕೊಂಡ ಸಂಖ್ಯೆಯೂ ಸರಾಸರಿ ಸ್ಥಾನವೂ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ, ಉತ್ತರ ಹುಡುಕಾಟದ ಪುಟದಲ್ಲೇ ಸಿಗುತ್ತಿದೆ ಎಂದು ಊಹಿಸಬಹುದು. ಸ್ಥಾನವೇ ಕುಸಿದಿದ್ದರೆ ಅದು ಶ್ರೇಯಾಂಕದ ತೊಂದರೆ. ಆಗ ಪುಟದ ಗುಣಮಟ್ಟವನ್ನು ನೋಡಬೇಕು. ಕ್ಲಿಕ್ ಇದ್ದೂ ಆರ್ಡರ್ ಇಲ್ಲದಿದ್ದರೆ ಲಿಂಕ್ ಕೊಟ್ಟ ವಸ್ತು ‘ಸದ್ಯ ಲಭ್ಯವಿಲ್ಲ’ ಎಂದಾಗಿರಬಹುದು, ಅಥವಾ ಅದನ್ನು ಕೊಡಗಿನ ಪಿನ್‌ಕೋಡ್‌ಗೆ ಕಳಿಸುತ್ತಿಲ್ಲದಿರಬಹುದು. ಈ ಎರಡನೆಯದನ್ನು ಪರಿಶೀಲಿಸುವವರು ಕಡಿಮೆ. ಭಾರದ ಯಂತ್ರಗಳು ಬೆಂಗಳೂರಿಗೆ ತಲುಪಿದರೂ ನಾಪೋಕ್ಲು ಅಥವಾ ಭಾಗಮಂಡಲಕ್ಕೆ ತಲುಪದಿರುವುದುಂಟು. ತಿಂಗಳಿಗೊಮ್ಮೆ ಮುಖ್ಯ ಲಿಂಕ್‌ಗಳನ್ನು ಒಂದು ಕೊಡಗಿನ ಪಿನ್‌ಕೋಡ್ ಹಾಕಿ ತೆರೆದು ನೋಡುವುದು ಅರ್ಧ ಗಂಟೆಯ ಕೆಲಸ. ಆರ್ಡರ್ ಇದ್ದೂ ಹಣ ಬರದಿದ್ದರೆ ಹಿಂದಿರುಗಿಸಿದ ವಸ್ತುಗಳ ಅಂಕಣ ನೋಡಬೇಕು. ವಾಪಸಾದ ವಸ್ತುವಿಗೆ ಕಮಿಷನ್ ಇಲ್ಲ. ವಾಪಸಾತಿ ಹೆಚ್ಚಿದ್ದರೆ ಪುಟ ತಪ್ಪು ವಸ್ತುವನ್ನು ತಪ್ಪು ಜನರಿಗೆ ಹೇಳುತ್ತಿದೆ.

ಹಳೆಯ ಅಂಕಿಗಳನ್ನು ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಒಂದೇ ಪುಟದಲ್ಲಿ ನೂರು ಫಲಿತಾಂಶ ತೋರಿಸುವ ಸೌಲಭ್ಯವನ್ನು ಗೂಗಲ್ ನಿಲ್ಲಿಸಿತು. ಶ್ರೇಯಾಂಕ ಅಳೆಯುವ ಯಂತ್ರಗಳು ಅದನ್ನೇ ಬಳಸುತ್ತಿದ್ದವು. ಅವುಗಳಿಂದ ಉಬ್ಬಿದ್ದ, ಪುಟ ಕಾಣಿಸಿಕೊಂಡ ಸಂಖ್ಯೆ ಇಳಿದು, ಸರಾಸರಿ ಸ್ಥಾನ ಇದ್ದಕ್ಕಿದ್ದಂತೆ ಸುಧಾರಿಸಿದ ಹಾಗೆ ಅನೇಕ ತಾಣಗಳಲ್ಲಿ ಕಂಡಿತು. ಆ ತಿಂಗಳ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ನೇರವಾಗಿ ಹೋಲಿಸಿದರೆ ದಾರಿ ತಪ್ಪುತ್ತದೆ. ಕ್ಲಿಕ್ ಸಂಖ್ಯೆಯನ್ನೇ ನಂಬುವುದು ಕ್ಷೇಮ.

ಯಾವ ಪುಟದಿಂದ, ಪುಟದ ಯಾವ ಭಾಗದಿಂದ ಹಣ ಬಂತು ಎಂದು ತಿಳಿಯಲು ಪ್ರತಿ ಮುಖ್ಯ ಪುಟಕ್ಕೂ ಬೇರೆ ಟ್ರ್ಯಾಕಿಂಗ್ ಐಡಿ (ಲಿಂಕ್‌ಗೆ ಸೇರಿಸುವ ಗುರುತು) ಇಡಬೇಕು. ಅಮೆಜಾನ್ ಒಂದೇ ಖಾತೆಯಡಿ ಹಲವು ಐಡಿಗಳನ್ನು ಕೊಡುತ್ತದೆ. ಇಡೀ ತಾಣಕ್ಕೆ ಒಂದೇ ಐಡಿ ಇಟ್ಟವರಿಗೆ ಯಾವ ಪುಟವನ್ನು ಸುಧಾರಿಸಬೇಕು ಎಂಬುದು ಎಂದೂ ತಿಳಿಯುವುದಿಲ್ಲ.

ಕೊಡಗಿನವರಿಗೆ ಮಾತ್ರ ಗೊತ್ತಿರುವುದು

ಗೂಗಲ್ 2021ರ ಏಪ್ರಿಲ್‌ನಿಂದಲೇ ಉತ್ಪನ್ನ ವಿಮರ್ಶೆಗಳನ್ನು ಬೇರೆಯಾಗಿ ಅಳೆಯಲು ಆರಂಭಿಸಿತು. ವಸ್ತುವನ್ನು ನಿಜವಾಗಿ ಬಳಸಿದ ಸಾಕ್ಷ್ಯ, ಸ್ವಂತ ಫೋಟೊ, ಅಳತೆ, ಯಾರಿಗೆ ಬೇಡ ಎಂಬ ಸ್ಪಷ್ಟನೆ ಇರುವ ಪುಟಕ್ಕೆ ಆದ್ಯತೆ ಎಂದಿತು. 2024ರ ಮಾರ್ಚ್‌ನಲ್ಲಿ ರಾಶಿರಾಶಿಯಾಗಿ ಹೊಸೆದ ಪುಟಗಳನ್ನು ಸ್ಪ್ಯಾಮ್ ಎಂದು ಘೋಷಿಸಿತು. ಆ ವರ್ಷದ ಮೇಯಿಂದ, ದೊಡ್ಡ ಸುದ್ದಿ ತಾಣಗಳು ತಮ್ಮ ಹೆಸರಿನ ಬಲದಲ್ಲಿ ಹೊರಗಿನವರಿಂದ ನಡೆಸುತ್ತಿದ್ದ ಕೂಪನ್ ಮತ್ತು ವಿಮರ್ಶೆ ವಿಭಾಗಗಳ ಮೇಲೂ ಕ್ರಮ ಶುರುವಾಯಿತು. ಸಣ್ಣ ತಾಣಗಳಿಗೆ ಒಳ್ಳೆಯ ಕಾಲ ಎನ್ನುವವರು ಆಧರಿಸುವುದು ಇದನ್ನೇ. ಆದರೆ ಎಷ್ಟೋ ಸಣ್ಣ ತಾಣಗಳೂ ಈ ಬದಲಾವಣೆಗಳಲ್ಲಿ ನೆಲಕಚ್ಚಿವೆ. ಸಣ್ಣದಾಗಿರುವುದೇ ಅರ್ಹತೆಯಾಗುವುದಿಲ್ಲ. ಬೇರೆಲ್ಲೂ ಸಿಗದ ಮಾಹಿತಿ ಪುಟದಲ್ಲಿರಬೇಕು. ಅಂಥ ಮಾಹಿತಿ ಈ ಜಿಲ್ಲೆಯಲ್ಲಿ ಬೇಕಾದಷ್ಟಿದೆ.

ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ತೆಗೆದುಕೊಳ್ಳಿ. ದಿನಕ್ಕೆ ಇಷ್ಟು ಲೀಟರ್ ನೀರು ಹೀರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವುದು ಸಾಮಾನ್ಯವಾಗಿ 30 ಡಿಗ್ರಿ ಉಷ್ಣಾಂಶ, ಶೇ. 80 ಆರ್ದ್ರತೆಯ ಲೆಕ್ಕ. ಜುಲೈ ತಿಂಗಳ ಮಡಿಕೇರಿಯಲ್ಲಿ ಮನೆಯೊಳಗೂ 20 ಡಿಗ್ರಿಯ ಆಸುಪಾಸೇ ಇರುತ್ತದೆ. ಉಷ್ಣಾಂಶ ಇಳಿದಂತೆ ಕಂಪ್ರೆಸರ್ ಮಾದರಿಯ ಯಂತ್ರ ಹೀರುವ ನೀರೂ ಇಳಿಯುತ್ತದೆ. ಹಾಗಾಗಿ ಬೆಂಗಳೂರಿನ ವಿಮರ್ಶೆ ನಂಬಿ ಕೊಂಡವರಿಗೆ ಇಲ್ಲಿ ಬಟ್ಟೆ ಬೂಸ್ಟು ಹಿಡಿಯುವುದು ನಿಲ್ಲುವುದಿಲ್ಲ. ಒಂದು ಕೋಣೆಯ ಅಳತೆ, ಆ ದಿನದ ಉಷ್ಣಾಂಶ, 24 ಗಂಟೆಯಲ್ಲಿ ತೊಟ್ಟಿಯಲ್ಲಿ ನಿಂತ ನೀರು, ಮೀಟರ್ ಓಡಿದ ಯೂನಿಟ್ ಇವಿಷ್ಟನ್ನು ಒಂದು ಕೋಷ್ಟಕದಲ್ಲಿ ಕೊಡುವ ಪುಟಕ್ಕೆ ಸಾಟಿಯಿಲ್ಲ. ಎಐ ಸಾರಾಂಶಕ್ಕೂ ಆ ಅಂಕಿ ಬೇಕೆಂದರೆ ಅದನ್ನು ಇಲ್ಲಿಂದಲೇ ಎತ್ತಬೇಕು.

ಬ್ರಷ್ ಕಟರ್ ವಿಷಯದಲ್ಲಿ ಇಳಿಜಾರೇ ಮುಖ್ಯ. ಟು-ಸ್ಟ್ರೋಕ್ ಯಂತ್ರಕ್ಕೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕು. ಅನುಪಾತ ತಯಾರಕರನ್ನು ಅನುಸರಿಸಿ 25ಕ್ಕೆ 1ರಿಂದ 50ಕ್ಕೆ 1ರವರೆಗೆ ಬೇರೆಬೇರೆ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಜಾಮ್ ಆಗುತ್ತದೆ. ಫೋರ್-ಸ್ಟ್ರೋಕ್‌ಗೆ ಬೆರೆಸುವ ಕೆಲಸವಿಲ್ಲ, ಹೊಗೆಯೂ ಕಡಿಮೆ. ಆದರೆ ಎಲ್ಲ ಕೋನಕ್ಕೂ ವಿನ್ಯಾಸಗೊಳಿಸದ ಮಾದರಿಯನ್ನು ಕಡಿದಾದ ಜಾಗದಲ್ಲಿ ಬಹಳ ಹೊತ್ತು ಓರೆಯಾಗಿ ನಡೆಸಿದರೆ ಎಣ್ಣೆ ಸರಿಯಾಗಿ ತಲುಪದೆ ಎಂಜಿನ್ ಹಾಳಾಗುತ್ತದೆ. ಕಲ್ಲಿರುವ ನೆಲದಲ್ಲಿ ಉಕ್ಕಿನ ಬ್ಲೇಡು ಅಪಾಯ. ಹಾಗೆಂದು ನೈಲಾನ್ ದಾರ ಹಾಕಿದರೂ ಎಳೆ ಕಾಫಿ ಗಿಡದ ಬುಡಕ್ಕೆ ತಗುಲಿದರೆ ತೊಗಟೆ ಸುಲಿಯುತ್ತದೆ. ಬುಡದ ಸುತ್ತ ಕೈಯಲ್ಲೇ ಕಳೆ ತೆಗೆಯಬೇಕು ಎಂದು ಬರೆಯುವ ವಿಮರ್ಶಕನನ್ನು ಬೆಳೆಗಾರ ನಂಬುತ್ತಾನೆ. ಬಿಡಿಭಾಗ ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ಸಿಗುತ್ತದೆಯೇ ಎಂಬ ಒಂದು ಸಾಲೂ ಇರಲಿ. ಖರೀದಿ ನಿಂತುಹೋಗುವುದು ಹೆಚ್ಚಾಗಿ ಅದೇ ಅನುಮಾನದಲ್ಲಿ.

ತೇವಾಂಶ ಮಾಪಕದ್ದು ಇದೇ ಕಥೆ. ಒಣಗಿದ ಕಾಫಿಯನ್ನು ಚೀಲಕ್ಕೆ ತುಂಬುವಾಗ ತೇವಾಂಶ ಶೇ. 10ರಿಂದ 12ರೊಳಗೆ ಇರಬೇಕು. ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್‌ಗೂ ಹಣ್ಣನ್ನು ಹಾಗೇ ಒಣಗಿಸಿದ ಚೆರಿಗೂ ಮಿತಿ ಬೇರೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಮಾಪಕಗಳಲ್ಲಿ ಅನೇಕವು ಭತ್ತ, ಗೋಧಿಗೆ ಹೊಂದಿಸಿದವು. ಕಾಫಿಯ ಅಳತೆ ಇಲ್ಲದ ಮಾಪಕ ತಪ್ಪು ಅಂಕಿ ತೋರಿಸಿದರೆ ಬೆಳೆಗಾರನಿಗೆ ಗೋದಾಮಿನಲ್ಲಿ ಬೂಸ್ಟು, ಇಲ್ಲವೇ ಅತಿ ಒಣಗಿಸಿ ತೂಕ ನಷ್ಟ. ‘ಈ ಮಾದರಿಯನ್ನು ಕಾಫಿಗೆ ಕೊಳ್ಳಬೇಡಿ’ ಎಂದು ಹೆಸರಿಸಿ ಹೇಳುವ ಪುಟ ಒಂದು ಮಾರಾಟ ಕಳೆದುಕೊಂಡರೂ ಉಳಿದ ಎಲ್ಲ ಲಿಂಕ್‌ಗಳಿಗೆ ಬಲ ತರುತ್ತದೆ.

ಕಾಳುಮೆಣಸು ಕೊಯ್ಯುವ ಏಣಿಯ ಬಗ್ಗೆ ಬರೆಯುವವರ ಹೊಣೆ ಇನ್ನೂ ದೊಡ್ಡದು. ಅಲ್ಯೂಮಿನಿಯಂ ಏಣಿ ಹಗುರ, ಬೆಲೆಯೂ ಕೈಗೆಟುಕುವಂಥದ್ದು. ಆದರೆ ಸಿಲ್ವರ್ ಓಕ್ ಮರದಿಂದ ಮರಕ್ಕೆ ಸಾಗಿಸುವಾಗ ತೋಟದ ಮೇಲೆ ಹಾದುಹೋದ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಜೀವ ಕಳೆದುಕೊಂಡ ಘಟನೆಗಳು ಕೊಡಗಿನಲ್ಲಿ ಮತ್ತೆ ಮತ್ತೆ ನಡೆದಿವೆ. ಒಣಗಿದ, ಶುಭ್ರವಾದ ಫೈಬರ್‌ಗ್ಲಾಸ್ ಏಣಿ ವಿದ್ಯುತ್ ಹರಿಸುವುದಿಲ್ಲ. ತೂಕ ಮತ್ತು ಬೆಲೆ ಹೆಚ್ಚು. ಯಾವುದರ ಕಮಿಷನ್ ಎಷ್ಟೇ ಇರಲಿ, ಈ ಮಾತು ಪುಟದ ಮೊದಲ ಪ್ಯಾರಾದಲ್ಲೇ ಬರಬೇಕು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದರೆ ಸಾಲದು.

ಋತು ನೋಡಿ ಪ್ರಕಟಣೆ

ಹೊಸ ಪುಟ ಹುಡುಕಾಟದಲ್ಲಿ ನೆಲೆಯೂರಲು ಸಮಯ ಬೇಕು. ಬೇಡಿಕೆ ಏಳುವ ಆರರಿಂದ ಎಂಟು ವಾರ ಮೊದಲೇ ಅದು ಸಿದ್ಧವಿರಲಿ. ಮಳೆಕೋಟು, ಗಂಬೂಟು, ಟಾರ್ಪಾಲು, ಇನ್ವರ್ಟರ್ ಪುಟಗಳು ಏಪ್ರಿಲ್ ಮೊದಲ ವಾರಕ್ಕೆ. ಕಳೆ ಯಂತ್ರಗಳದು ಮಳೆ ಕಡಿಮೆಯಾಗುವ ಮುಂಚೆ, ಆಗಸ್ಟ್‌ನಲ್ಲಿ. ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರುವಾಗುವುದರಿಂದ ಮಾಪಕ, ತಕ್ಕಡಿ, ಒಣಗಿಸುವ ಹಾಳೆಗಳದು ಸೆಪ್ಟೆಂಬರ್‌ನಲ್ಲಿ. ರೊಬಸ್ಟಾ ಹೂವಿಗೆ ನೀರು ಹಾಯಿಸುವ ಪಂಪು, ಸ್ಪ್ರಿಂಕ್ಲರ್ ಪುಟಗಳೂ ಮೆಣಸಿನ ಏಣಿಯ ಪುಟವೂ ಡಿಸೆಂಬರ್‌ನಲ್ಲಿ. ಪ್ರತಿ ವರ್ಷ ಹೊಸ ವಿಳಾಸದಲ್ಲಿ ಬರೆಯದೆ ಅದೇ ಪುಟವನ್ನು ಪರಿಷ್ಕರಿಸಿದರೆ ಹಳೆಯ ಶ್ರೇಯಾಂಕ ಉಳಿಯುತ್ತದೆ.

ಫೋಟೊಗಳನ್ನು ವೆಬ್‌ಪಿ ರೂಪದಲ್ಲಿ, ಒಂದೊಂದು 100 ಕೆಬಿಯೊಳಗೆ ಇಡಿ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್‌ನ ಅಳತೆ. ಮಳೆಗಾಲದಲ್ಲಿ ಎರಡು ಗೆರೆ ಸಿಗ್ನಲ್ ಹಿಡಿದು ಓದುವವರಿಗೆ ಅದಕ್ಕಿಂತ ಹಗುರವಾದ ಪುಟ ಬೇಕು.

ಹೋಂಸ್ಟೇ ಲಿಂಕ್‌ಗಳ ಬೇರೆ ಗಣಿತ

ವಸತಿ ಬುಕಿಂಗ್‌ನ ಕಮಿಷನ್ ಸಾಮಾನ್ಯವಾಗಿ ಅತಿಥಿ ಬಂದು ಉಳಿದುಹೋದ ಮೇಲೆ ಖಚಿತವಾಗುತ್ತದೆ. ರದ್ದಾದರೆ ಏನೂ ಇಲ್ಲ. ಕೊಡಗಿನಲ್ಲಿ ಇದರ ಪರಿಣಾಮ ತೀವ್ರ. 2018ರ ಆಗಸ್ಟ್‌ನ ಭೂಕುಸಿತದ ನಂತರ ಪ್ರವಾಸೋದ್ಯಮವೇ ನಿಂತುಹೋಗಿತ್ತು. ಈಗಲೂ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಎಚ್ಚರಿಕೆ ಬಂದರೆ, ರಸ್ತೆಯಲ್ಲಿ ಸಂಚಾರ ನಿರ್ಬಂಧವಾದರೆ ಬುಕಿಂಗ್ ಕರಗುತ್ತವೆ. ವರದಿಯಲ್ಲಿ ಜೂನ್‌ನಲ್ಲಿ ಕಂಡ ಮೊತ್ತವನ್ನು ನಂಬಿ ಖರ್ಚು ಮಾಡಬಾರದು. ರದ್ದತಿ ಷರತ್ತು, ಕೊನೆಯ ಎರಡು ಕಿಲೋಮೀಟರ್ ರಸ್ತೆಗೆ ಜೀಪು ಬೇಕೇ, ಕರೆಂಟ್ ಹೋದರೆ ಜನರೇಟರ್ ಇದೆಯೇ, ಯಾವ ಮೊಬೈಲ್ ಕಂಪನಿಯ ಸಿಗ್ನಲ್ ಸಿಗುತ್ತದೆ: ಇವನ್ನು ಮೊದಲೇ ಹೇಳುವ ಪುಟದಿಂದ ಬುಕಿಂಗ್ ಕಡಿಮೆ ಬಂದರೂ ರದ್ದತಿಯೂ ಕಡಿಮೆ ಇರುತ್ತದೆ.

ಬಹಿರಂಗಪಡಿಸುವ ನಿಯಮ, ತೆರಿಗೆ

ಲಿಂಕ್‌ನಿಂದ ಕಮಿಷನ್ ಬರುತ್ತದೆ ಎಂದು ಓದುಗರಿಗೆ ತಿಳಿಸುವುದು ಭಾರತದಲ್ಲಿ ಕಡ್ಡಾಯ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಶಿಫಾರಸಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಶಿಫಾರಸು ಯಾವ ಭಾಷೆಯಲ್ಲಿದೆಯೋ ಪ್ರಕಟಣೆಯೂ ಅದೇ ಭಾಷೆಯಲ್ಲಿರಬೇಕು. ಕನ್ನಡ ಪುಟದ ತಳದಲ್ಲಿ ಇಂಗ್ಲಿಷಿನ ಒಂದು ಸಾಲು ಅಂಟಿಸಿದರೆ ಸಾಲದು. ಮೊದಲ ಲಿಂಕ್‌ನ ಮೇಲೆಯೇ ‘ಈ ಲಿಂಕ್ ಮೂಲಕ ಕೊಂಡರೆ ನಮಗೆ ಕಮಿಷನ್ ಸಿಗುತ್ತದೆ, ನಿಮಗೆ ಬೆಲೆ ಹೆಚ್ಚಾಗುವುದಿಲ್ಲ’ ಎಂದು ಬರೆದರೆ ಸಾಕು. ಕೋಡ್‌ನಲ್ಲಿ ಲಿಂಕ್‌ಗೆ ‘ಸ್ಪಾನ್ಸರ್ಡ್’ ಗುರುತು ಹಾಕಬೇಕು. ಗೂಗಲ್ ಅದನ್ನು 2019ರಿಂದ ಕೇಳುತ್ತಿದೆ. ಬೆಲೆಯನ್ನು ಕೈಯಾರೆ ಪುಟದಲ್ಲಿ ಟೈಪ್ ಮಾಡುವುದೂ ತಪ್ಪು. ಬೆಲೆ ಬದಲಾದಾಗ ಓದುಗನಿಗೆ ಸುಳ್ಳು ಹೇಳಿದಂತಾಗುತ್ತದೆ, ಅಮೆಜಾನ್‌ನ ನಿಯಮಕ್ಕೂ ವಿರುದ್ಧ.

ದೇಶೀಯ ಕಂಪನಿಗಳು ಕೊಡುವ ಕಮಿಷನ್ ಮೇಲಿನ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) 2024ರ ಅಕ್ಟೋಬರ್‌ನಿಂದ ಶೇ. 5ರಿಂದ ಶೇ. 2ಕ್ಕೆ ಇಳಿದಿದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಮಾತ್ರ ಕಡಿತ. ಪ್ಯಾನ್ ಕೊಡದಿದ್ದರೆ ಅದೇ ಹಣಕ್ಕೆ ಶೇ. 20 ಕಡಿತವಾಗುತ್ತದೆ. ಸೇವಾ ಆದಾಯ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ಒಂದೇ ಕಂಪನಿಯನ್ನು ನೆಚ್ಚಿದರೆ

2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣದ ಕಮಿಷನ್ ಅನ್ನು ಶೇ. 8ರಿಂದ 3ಕ್ಕೆ, ದಿನಸಿಯದನ್ನು ಶೇ. 5ರಿಂದ 1ಕ್ಕೆ ಇಳಿಸಿತು. ಇವನ್ನೇ ನೆಚ್ಚಿ ವರ್ಷಗಟ್ಟಲೆ ಕಟ್ಟಿದ ತಾಣಗಳ ಗಳಿಕೆ ಒಂದೇ ವಾರದಲ್ಲಿ ಅರ್ಧಕ್ಕಿಂತ ಕೆಳಗೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ಇನ್ನೊಂದು ವಿಷಯ ಬಯಲಾಯಿತು: ಕೂಪನ್ ಹುಡುಕಿಕೊಡುವ ಹನಿ ಎಂಬ ಬ್ರೌಸರ್ ವಿಸ್ತರಣೆ, ಕೊನೆಯ ಕ್ಷಣದಲ್ಲಿ ಲೇಖಕರ ಅಫಿಲಿಯೇಟ್ ಗುರುತನ್ನು ಅಳಿಸಿ ತನ್ನದನ್ನು ಹಾಕಿಕೊಳ್ಳುತ್ತಿದೆ ಎಂಬ ಆರೋಪ. ಕೊನೆಯ ಕ್ಲಿಕ್ ಯಾರದೋ ಕಮಿಷನ್ ಅವರಿಗೇ ಎಂಬ ಪದ್ಧತಿಯೇ ಇದಕ್ಕೆ ಎಡೆ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಗೂಗಲ್ ಕ್ರೋಮ್ ವಿಸ್ತರಣೆಗಳಿಗೆ ನಿಯಮ ಬಿಗಿ ಮಾಡಿತು. ಬಳಕೆದಾರನಿಗೆ ನೇರ ಪ್ರಯೋಜನ ಕೊಡದೆ ಅಫಿಲಿಯೇಟ್ ಲಿಂಕ್ ತುರುಕುವಂತಿಲ್ಲ ಎಂದಿತು.

ಇವೆರಡಕ್ಕೂ ಪರಿಹಾರ ಒಂದೇ: ಓದುಗರೊಂದಿಗೆ ನೇರ ಸಂಪರ್ಕ, ಮತ್ತು ಕನಿಷ್ಠ ಮೂರು ಮೂಲಗಳಿಂದ ಆದಾಯ. ವಾರಕ್ಕೊಂದು ಇಮೇಲ್ ಅಥವಾ ವಾಟ್ಸ್‌ಆ್ಯಪ್ ಚಾನೆಲ್‌ನಲ್ಲಿ ಮಳೆ, ಕಾಫಿ ದರ, ತೋಟದ ಕೆಲಸದ ಜೊತೆ ನಿಮ್ಮ ಪುಟದ ಕೊಂಡಿ ಕಳಿಸಿ. ಅಮೆಜಾನ್‌ನ ಅಫಿಲಿಯೇಟ್ ಲಿಂಕನ್ನೇ ನೇರವಾಗಿ ಇಮೇಲ್‌ನಲ್ಲಿ ಹಾಕುವ ಮೊದಲು ಅದರ ಈಗಿನ ನಿಯಮ ನೋಡಿಕೊಳ್ಳಿ, ಮೀರಿದರೆ ಖಾತೆ ಮುಚ್ಚಬಹುದು. ಇಮೇಲ್ ವಿಳಾಸ ಪಡೆಯುವಾಗ ಯಾವ ಉದ್ದೇಶಕ್ಕೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ.

ಮುಂದೇನಾಗಬಹುದು

ಎಐ ಸಾರಾಂಶಕ್ಕೆ ತಮ್ಮ ಪುಟ ಸಿಗದಂತೆ ತಡೆಯಬೇಕು ಎಂದು ಕೆಲವರು ಯೋಚಿಸುತ್ತಿದ್ದಾರೆ. ಪುಟದ ಕೋಡ್‌ನಲ್ಲಿ ‘ನೋಸ್ನಿಪೆಟ್’ (ಪುಟದ ತುಣುಕು ತೋರಿಸಬೇಡ) ಎಂಬ ಆದೇಶ ಹಾಕಿದರೆ ಗೂಗಲ್ ಅದನ್ನು ಪಾಲಿಸುತ್ತದೆ. ಆದರೆ ಮಾಮೂಲಿ ಫಲಿತಾಂಶದಲ್ಲಿ ಕಾಣುವ ವಿವರಣೆಯೂ ಮಾಯವಾಗಿ, ಉಳಿದ ಕ್ಲಿಕ್ಕೂ ಕಡಿಮೆಯಾಗಬಹುದು. ಎಐ ತರಬೇತಿಗೆ ಪುಟ ಬಳಸುವುದನ್ನು ನಿಯಂತ್ರಿಸುವ ‘ಗೂಗಲ್-ಎಕ್ಸ್‌ಟೆಂಡೆಡ್’ ಅನ್ನು ತಡೆದರೆ ಹುಡುಕಾಟದ ಎಐ ಸಾರಾಂಶದ ಮೇಲೆ ಪರಿಣಾಮವಿಲ್ಲ. ಇಡೀ ಪುಟ ಮುಚ್ಚುವ ಬದಲು ಪರೀಕ್ಷೆಯ ಕೋಷ್ಟಕದ ಸುತ್ತ ಮಾತ್ರ ‘ಡೇಟಾ-ನೋಸ್ನಿಪೆಟ್’ ಹಾಕಿ, ಒಂದು ಪುಟದಲ್ಲಿ ಎರಡು ತಿಂಗಳು ನೋಡುವುದು ಸಾಧ್ಯವಿರುವ ಮಧ್ಯದ ದಾರಿ.

ಇನ್ನೂ ದೊಡ್ಡ ಬದಲಾವಣೆ ಖರೀದಿಯಲ್ಲೇ ಬರಬಹುದು. 2025ರ ಅಕ್ಟೋಬರ್‌ನಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ, ಪಾವತಿ ಕಂಪನಿ ರೇಜರ್‌ಪೇ ಮತ್ತು ಚಾಟ್‌ಜಿಪಿಟಿಯ ಒಡೆಯ ಓಪನ್‌ಎಐ ಸೇರಿ ಚಾಟ್‌ಜಿಪಿಟಿಯೊಳಗಿಂದಲೇ ಯುಪಿಐ ಮೂಲಕ ಹಣ ಕೊಡುವ ಪ್ರಯೋಗ ಪ್ರಕಟಿಸಿದವು. ಅದು ವ್ಯಾಪಕವಾದರೆ ಸೋಪು, ಬೆನ್ನುಚೀಲದಂಥ ವಸ್ತುಗಳ ಅಫಿಲಿಯೇಟ್ ಕ್ಲಿಕ್ ಮೊದಲು ಬತ್ತುತ್ತದೆ. ಸ್ಥಳಕ್ಕೆ ತಕ್ಕ ಅನುಮಾನ ಇರುವ ವಸ್ತುಗಳದು ನಿಧಾನವಾಗಿ. ಆದ್ದರಿಂದ ಈ ಮಳೆಗಾಲಕ್ಕೆ ಮೊದಲು ಮಾಡಬಹುದಾದ ಕೆಲಸ ಇದು: ಕಳೆದ ವರ್ಷದ ಕಮಿಷನ್ ವರದಿ ತೆರೆದು, ಹೆಚ್ಚು ಹಣ ತಂದ ಹತ್ತು ಪುಟಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಇಲ್ಲಿನ ಮಳೆ, ಇಳಿಜಾರು, ಕರೆಂಟಿನ ಸ್ಥಿತಿಯಲ್ಲಿ ಅಳೆದ ಒಂದು ಕೋಷ್ಟಕ, ನಾಲ್ಕು ಸ್ವಂತ ಫೋಟೊ, ‘ಯಾರು ಕೊಳ್ಳಬಾರದು’ ಎಂಬ ಒಂದು ಪ್ಯಾರಾ ಸೇರಿಸುವುದು. ಪ್ರೇಕ್ಷಣೀಯ ಸ್ಥಳಗಳ ಹೊಸ ಪಟ್ಟಿ ಬರೆಯುವ ಸಮಯವನ್ನು ಇದಕ್ಕೇ ಕೊಡಬಹುದು.